ಚಪ್ಪಲಿ ಕಾದ ಮುಖಂಡರು

“ಅಲ್ಲಾ, ನನ್ನನ್ನ ಆರಿಸಿದ್ದಾದರೂ ಯಾರು?”

ಅಡುಗೆಮನೆಯಲ್ಲಿ ಒಂಟಿಯಾಗಿ ನಿಂತಿದ್ದ ಡಾಕ್ಟರ್ ಕೃಷ್ಣಪ್ರಸಾದರು ಕೆಟಲ್ಲನ್ನೇ ಕೇಳಿದರು. ವಿಲಾಯತಿಯ ಕ್ವೀನ್ಸ್‌ಬರಿಯಲ್ಲಿ ಕನ್ನಡಿಗರೇ ಹೆಚ್ಚಿದ್ದ ಅವರ ಬೀದಿಯವರು ಕಳ್ಳತನ ತಡೆಯಲು ಕಾವಲು ಸಂಘ ಕಟ್ಟಿ, ಹಿಂದಿನ ಭಾನುವಾರ ಮುಖಂಡನ ಚುನಾವಣೆ ನಡೆಸಿದ್ದರು. ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು ರಾತ್ರಿ ಪಾಳಿ ಮುಗಿಸಿ ಬಂದು ಸಭೆಯಲ್ಲಿ ತೂಕಡಿಸುತ್ತಿದ್ದರು. ಕಣ್ಣು ಬಿಡುವಷ್ಟರಲ್ಲಿ ಅವಿರೋಧವಾಗಿ ಗೆದ್ದಿದ್ದರು. ಊರನ್ನೆಲ್ಲ ಮಲಗಿಸುವವನಿಗೆ ಬೀದಿಯನ್ನು ಎಚ್ಚರವಾಗಿಡುವ ಹೊಣೆ.

ಪ್ರಜೆಗಳ ನಿರೀಕ್ಷೆಯೇನೂ ದೊಡ್ಡದಲ್ಲ. ಬೆಳಿಗ್ಗೆಯೇ ಅದೇ ಬೀದಿಯ, ಮೈಸೂರು ಮೂಲದ ತಿಮ್ಮಯ್ಯನವರ ಫೋನು. “ನಮ್ಮನೆ ಮುಂದೆ ಯಾರೋ ಕಾರ್ ನಿಲ್ಸಿದಾರೆ ಡಾಕ್ಟ್ರೇ. ಬಂದು ಒಂದ್ಸಲ ಗುರಾಯಿಸಿ ಹೋಗಿ.”

ಎದುರುಮನೆಯ ಧಾರವಾಡದ ವಿಶಾಲಾಕ್ಷಿಯವರದು ತತ್ವದ ಮಾತು. “ಮುಖಂಡ ಅಂದ್ರ ಎಲ್ಲಾರನ್ನೂ ಒಂದ ಸಮ ನೋಡಬೇಕ್ರಿ. ಮೊದಲ ನಮ್ಮ ಮನಿ ಕಡೆ ನೋಡ್ರಿ. ಇವತ್ತು ಗಮಕ ಅದ. ಹೊರಗ ಬಿಟ್ಟ ಚಪ್ಪಲಿ ಒಂದು ಕಳದ್ರೂ ನೀವ ಜವಾಬ್ದಾರಿ.”

ಗಮಕವೆಂದರೆ ಡಾಕ್ಟರಿಗೆ ಪ್ರಾಣ. ಪಾಳಿಗಳ ನಡುವೆ ತಿಂಗಳಿಗೊಮ್ಮೆ ಸಿಗುವ ಆ ಮಧ್ಯಾಹ್ನವನ್ನು ಚಪ್ಪಲಿ ಕಾಯುತ್ತ ಕಳೆಯುವುದೇ?

ಮಧ್ಯಾಹ್ನ ಗಮಕಕ್ಕೆ ಬಂದವರೆಲ್ಲ ವಿಶಾಲಾಕ್ಷಿಯವರ ಮನೆಯೊಳಗೆ ಕೂತರು. ಬಾಗಿಲ ಬಳಿ ಯಾರೋ ಎಸೆದು ಹೋಗಿದ್ದ ದೊಡ್ಡ ಖಾಲಿ ಹಳದಿ ಪ್ಲಾಸ್ಟಿಕ್ ಚೀಲವೊಂದು ಬಿದ್ದಿತ್ತು. ಮೇಲೆ ಏನೋ ಅಚ್ಚಾಗಿತ್ತು; ಓದಲು ಪುರುಸೊತ್ತೆಲ್ಲಿ, ಒಳಗೆ ಗಮಕಿಗಳು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಡಾಕ್ಟರು ಚಪ್ಪಲಿ, ಬೂಟುಗಳನ್ನೆಲ್ಲ ಅದಕ್ಕೆ ತುಂಬಿ, ಬಾಯಿ ಬಿಗಿದು, ಗೇಟಿನ ಮೂಲೆಗೆ ಒರಗಿಸಿ ಒಳಗೋಡಿದರು. ಕಾಣದ ಚಪ್ಪಲಿಯನ್ನು ಯಾರು ಕದ್ದಾರು? ಪದ್ಯ ಶುರುವಾಯಿತು, ಡಾಕ್ಟರು ಕಣ್ಣು ಮುಚ್ಚಿದರು.

ಮಂಗಳಾರತಿ ಮುಗಿಸಿ ಹೊರಬಂದರೆ ಚೀಲವೇ ಇಲ್ಲ. ಒದ್ದೆ ಸಿಮೆಂಟಿನ ಮೇಲೆ ಕಾಲುಚೀಲದ ಭಕ್ತವೃಂದ ಕೊಕ್ಕರೆಗಳಂತೆ ಒಂಟಿಕಾಲಲ್ಲಿ ನಿಂತಿತು.

“ಆ ಕಾರಿನವನದೇ ಕೆಲಸ,” ಎಂದರು ತಿಮ್ಮಯ್ಯ. “ಬೆಳಿಗ್ಗೆನೇ ಗುರಾಯಿಸಿದ್ರೆ ಹೀಗಾಗ್ತಿತ್ತಾ?”

ಡಾಕ್ಟರು ಕಾಲುಚೀಲದಲ್ಲೇ ಬೀದಿಯ ಬಾಗಿಲುಗಳನ್ನೆಲ್ಲ ತಟ್ಟಿ, ಬರಿಗೈಯಲ್ಲಿ ಮರಳುವಷ್ಟರಲ್ಲಿ ಅವರ ಹೆಂಡತಿ ಮೈತ್ರೇಯಿ ಆಸ್ಪತ್ರೆಯಿಂದ ಬಂದಳು.

“ರೀ, ಮನೆಮನೆಗೆ ಹಳದಿ ಚೀಲ ಹಾಕಿ ದಾನದ ಹಳೇ ಬಟ್ಟೆ ಒಯ್ಯೋ ಚಾರಿಟಿ ವ್ಯಾನ್‌ನೋರು ತಿರುವಲ್ಲಿ ಸಿಕ್ಕಿದ್ರು. ಈ ಬೀದಿಯೋರು ದೇವರಂಥೋರು, ಹಾಕ್ಕೊಳ್ಳೋ ಚಪ್ಪಲಿನೇ ಚೀಲಕ್ಕೆ ತುಂಬಿ ಇಟ್ಟಿದ್ರು ಅಂತ ಹೊಗಳಿ ಹೋದ್ರು.”

ಕಾಲುಚೀಲದ ಕೊಕ್ಕರೆಗಳು ಎರಡನೇ ಕಾಲನ್ನೂ ನೆಲಕ್ಕೆ ಊರಿದವು.

“ತುಂಬಿದಾಂವ ಯಾರ್ರಿ?” ವಿಶಾಲಾಕ್ಷಿ ಕೇಳಿದರು.

“ನಾನೇ,” ಎಂದರು ಡಾಕ್ಟರು. ಆ ಮಾತಿನ ಹಿಂದೆಯೇ ಅವರಿಗೊಂದು ಆಸೆ ಚಿಗುರಿತು. “ಇಂಥವನು ನಿಮಗೆ ತಕ್ಕ ಮುಖಂಡ ಅಲ್ಲ. ನನ್ನನ್ನ ಬಿಟ್ಬಿಡಿ. ಬರೋ ತಿಂಗಳಾದ್ರೂ ನೆಮ್ಮದಿಯಾಗಿ ಗಮಕ ಕೇಳ್ತೀನಿ.”

ತಿಮ್ಮಯ್ಯನವರು ಗಂಭೀರವಾಗಿ ತಲೆಯಾಡಿಸಿದರು. “ಅದೇ ದಿನ ಕಳ್ಳನ್ನ ಹಿಡಿದ್ರಿ. ನಮ್ಮೋನೇ ಅಂತ ದಾಕ್ಷಿಣ್ಯ ತೋರಿಸ್ಲಿಲ್ಲ. ಎಲ್ಲರ ಎದುರು ಹೆಸರು ಹೇಳಿದ್ರಿ. ಇದಕ್ಕಿಂತ ನ್ಯಾಯವಂತ ಎಲ್ಲಿ ಸಿಗ್ತಾನೆ?”

ವಿಶಾಲಾಕ್ಷಿಯವರು ಮನೆಯಿಂದ ಒಂದು ಕುರ್ಚಿ ತಂದು ಗೇಟಿನ ಪಕ್ಕದಲ್ಲಿ, ಚಪ್ಪಲಿ ಬಿಡುವ ಜಾಗಕ್ಕೆ ಸರಿಯಾಗಿ ಇಟ್ಟರು.

“ಬಿಡಂಗಿಲ್ರಿ.”