ದನದ ಡಾಕ್ಟರರ ಹೊಟ್ಟೆಗೆ ಸೂಜಿ

ಸೂಜಿ ಚುಚ್ಚುವವರಿಗೆ ಸೂಜಿಯ ಭಯ ಇರುವುದಿಲ್ಲ ಎಂದು ಜನ ತಿಳಿದುಕೊಂಡಿದ್ದಾರೆ. ಅಡುಗೆಯವರಿಗೆ ಹಸಿವಾಗುವುದಿಲ್ಲ ಎನ್ನುವಷ್ಟೇ ನಿಜ ಅದು. ನಾನು ಹುಕ್ಕೇರಿ ತಾಲ್ಲೂಕಿನ ಒಂದು ಪಶು ಆಸ್ಪತ್ರೆಯಲ್ಲಿ ಪರಿವೀಕ್ಷಕ, ಡಾಕ್ಟರಲ್ಲ. ಹಳ್ಳಿಗಳಲ್ಲಿ ನನ್ನನ್ನು ದನದ ಡಾಕ್ಟರ್ ಅನ್ನುತ್ತಾರೆ. ತಿದ್ದಿ ತಿದ್ದಿ ಸಾಕಾಗಿ ಈಗ ನಾನೂ ಹಾಗೆಯೇ ನಂಬಿಕೊಂಡಿದ್ದೇನೆ. ಒದೆಯುವ ಎಮ್ಮೆಗಾಗಲಿ, ಹಾಯುವ ಹೋರಿಗಾಗಲಿ ಚುಚ್ಚಲು ನಾನು ಎಂದೂ ಹಿಂಜರಿದಿಲ್ಲ. ಆದರೆ ಸೂಜಿಯ ತುದಿ ನನ್ನ ಕಡೆ ತಿರುಗಿತೋ, ಬೆವರು ಬಿಚ್ಚಿಕೊಳ್ಳುತ್ತದೆ. ಕೊರೋನಾ ಲಸಿಕೆಯ ದಿನ ನನ್ನ ಕೈ ಹಿಡಿದುಕೊಂಡು ಕೂತವಳು ಹೆಂಡತಿ ಸುವರ್ಣಾ. ಆಕೆ ಅದನ್ನು ಇವತ್ತಿಗೂ ಯಾರಿಗೂ ಹೇಳಿಲ್ಲ. ಆದ್ದರಿಂದ ನಾನೇ ಹೇಳಬೇಕಾಗಿದೆ.

ನನ್ನ ಹೊಟ್ಟೆ ಬಂದದ್ದು ನೌಕರಿಯಿಂದ. ಎಮ್ಮೆ ಈದ ಮನೆಗೆ ಹೋದರೆ ಗಿಣ್ಣ, ಆಕಳು ಚೇತರಿಸಿಕೊಂಡ ಮನೆಯಲ್ಲಿ ಕೆನೆಮೊಸರು, ಏನೂ ಆಗದ ಮನೆಯಲ್ಲಿ ಸುಮ್ಮನೆ ಒಂದು ತಂಬಿಗೆ ಹಾಲು. ಬೇಡವೆಂದರೆ ಬೇಜಾರಾಗುತ್ತಾರೆ. ಯಾರಿಗೂ ಬೇಜಾರು ಮಾಡದ ಮನುಷ್ಯ ನಾನು. ಹೀಗೆ ಒಳ್ಳೆಯತನವೆಲ್ಲ ಸೊಂಟದ ಸುತ್ತ ಕೂಡಿಕೊಳ್ಳುತ್ತಿದ್ದಾಗ, ಒಂದು ದಿನ ದಡ್ಡಿ ಎಂಬ ಊರಿನಲ್ಲಿ ಬೀರಪ್ಪ ಕಾಕಾನ ಕುರಿಹಟ್ಟಿಗೆ ಲಸಿಕೆ ಹಾಕಲು ಹೋದೆ. ಕುಂಟುತ್ತಿದ್ದ ಒಂದು ಕುರಿಯ ಗೊರಸು ನೋಡಲು ಕುಕ್ಕರುಗಾಲಿನಲ್ಲಿ ಕೂತೆ. ನೋಡಿ ಮುಗಿಯಿತು. ಏಳಲು ಬರಲಿಲ್ಲ.

"ಏಳಾಕ ಬರವಲ್ದೇನ್ರಿ ಸಾಹೇಬ್ರ?" ಎಂದ ಬೀರಪ್ಪ ಕಾಕಾ.

"ಮಣಕಾಲ ಹಿಡಕೊಂಡಾವ ಕಾಕಾ."

"ಹೆದರಬ್ಯಾಡ್ರಿ. ಗಬ್ಬದ ಕುರಿ ಬಿದ್ರ ಹೆಂಗ ಎತ್ತೂದಂತ ನಮಗ ಗೊತ್ತೈತಿ."

ಅವನೂ ಅವನ ಹೆಂಡತಿಯೂ ನನ್ನ ಎರಡೂ ಬಗಲಿಗೆ ಕೈ ಹಾಕಿ ಎತ್ತಿ ನಿಲ್ಲಿಸಿದರು. ಕುರಿಗಳು ಮೇಯುವುದನ್ನು ಬಿಟ್ಟು ನೋಡುತ್ತಿದ್ದವು. ಸಂಜೆ ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಫೋನಿನಲ್ಲಿ ಬಂದು ಸುವರ್ಣಾಳ ಹತ್ತಿರ ಕೂತಿತ್ತು. ಅವಳು ಬೈಯಲಿಲ್ಲ. "ನಾಳೆ ಗೋಕಾಕಕ್ಕ ಹೋಗೂಣ್ರಿ" ಅಂದಳು ಅಷ್ಟೇ.

ಗೋಕಾಕದ ಡಾಕ್ಟರ್ ಮೇಡಂ ರಕ್ತ ಪರೀಕ್ಷೆ ಮಾಡಿಸಿದರು. ಸಕ್ಕರೆ ಹೆಚ್ಚಿತ್ತು, ಬಿಪಿ ಅದಕ್ಕೆ ಜೊತೆಯಾಗಿತ್ತು. ಮೇದೋಜೀರಕ ಗ್ರಂಥಿ ಎಂದಾದರೂ ಬಾತಿತ್ತೇ, ಮನೆತನದಲ್ಲಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್ ಇತ್ತೇ ಎಂದೆಲ್ಲ ಕೇಳಿಕೊಂಡ ಮೇಲೆ ತೂಕ ಇಳಿಸುವ ಇಂಜೆಕ್ಷನ್ನಿನ ಮಾತು ತೆಗೆದರು.

"ಊಟ ಮಾಡಿದಾಗ ನಮ್ಮ ಕರಳು ಒಂದು ಹಾರ್ಮೋನು ಬಿಡ್ತೈತ್ರಿ. ಸಾಕು ಅಂತ ಮಿದುಳಿಗೆ ಹೇಳೂದು ಅದರ ಕೆಲಸ. ಈ ಔಷಧನೂ ಹಂಗ ಹೇಳ್ತೈತಿ. ಹೊಟ್ಟೀನೂ ಸಾವಕಾಶ ಖಾಲಿ ಆಗ್ತೈತಿ."

"ನನ್ನ ಕರಳು ಇಷ್ಟ ವರ್ಷ ಹೇಳೇ ಇಲ್ಲೇನ್ರಿ ಮೇಡಂ?"

"ಹೇಳಿರಬೇಕ್ರಿ. ನೀವು ಕೇಳಿಸ್ಕೊಂಡಿಲ್ಲ."

ವಾರಕ್ಕೊಂದು ಸಲ, ಸಣ್ಣ ಡೋಸಿನಿಂದ ಶುರುಮಾಡಿ ನಿಧಾನವಾಗಿ ಏರಿಸುವುದು. ಮೊದಮೊದಲು ಹೊಟ್ಟೆ ತೊಳಸುತ್ತದೆ, ಕೆಲವರಿಗೆ ಮಲಬದ್ಧತೆ, ಕೆಲವರಿಗೆ ಭೇದಿ. ಜೋರಾದ ಹೊಟ್ಟೆನೋವು ಬಂದು ನಿಲ್ಲದಿದ್ದರೆ ತಕ್ಷಣ ಬರಬೇಕು. ನಡೆಯಬೇಕು, ಬೇಳೆಕಾಳು ಮೊಟ್ಟೆ ಬಿಡಬಾರದು, ಇಲ್ಲವಾದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಔಷಧ ನಿಲ್ಲಿಸಿದರೆ ಹಸಿವು ತಿರುಗಿ ಬರುತ್ತದೆ, ತೂಕವೂ ಹಿಂದೆಯೇ ಬರುತ್ತದೆ. ಇಷ್ಟನ್ನೂ ತಲೆಯಾಡಿಸುತ್ತ ಕೇಳಿ ಹೊರಗೆ ಬಂದವನು, ಸಿಹಿತಿಂಡಿಗೆ ಬೀಳ್ಕೊಡುಗೆ ಎಂದುಕೊಂಡು ಒಂದು ಪೊಟ್ಟಣ ಕರದಂಟು ಕೊಂಡೆ. ಸುವರ್ಣಾ ಅದನ್ನು ಕಸಿದುಕೊಂಡು ಬಸ್ಸಿನಲ್ಲಿ ಪಕ್ಕದ ಸೀಟಿನ ಮಕ್ಕಳಿಗೆ ಹಂಚಿದಳು.

ಔಷಧ ತುಂಬಿದ ಪೆನ್ನಿನಂಥ ಇಂಜೆಕ್ಷನ್ನು ನಮ್ಮ ಫ್ರಿಜ್ಜಿನಲ್ಲಿ ಕೊತ್ತಂಬರಿಯ ಬಾಜೂ ಜಾಗ ಹಿಡಿಯಿತು. ಅದರ ಸೂಜಿ ಕೂದಲೆಳೆಯಷ್ಟು. ನಾನು ಎಮ್ಮೆಗೆ ಹಾಕುವ ಸೂಜಿಯ ಮುಂದೆ ಅದು ಆಟಿಕೆ. ಆದರೂ ರವಿವಾರ ಬೆಳಿಗ್ಗೆ ಅಂಗಿ ಎತ್ತಿ ಕೂತಾಗ ನನಗೆ ದೇವರ ಹೆಸರುಗಳೂ ಸರಿಯಾಗಿ ನೆನಪಾಗಲಿಲ್ಲ. ಸುವರ್ಣಾ ಹತ್ತಿರ ಬಂದು, ನಾನು ಜಾನುವಾರಿಗೆ ಹೇಳುವ ಅದೇ ದನಿಯಲ್ಲಿ, "ಹೋ, ಹೋ, ನಿಂದ್ರ, ಆತು, ಆತು" ಅಂದಳು. ಕಣ್ಣು ಮುಚ್ಚಿಕೊಂಡೇ ಯಾವಾಗ ಚುಚ್ಚುತ್ತೀ ಎಂದು ಕೇಳಿದೆ.

"ಚುಚ್ಚಿ ತಗದೂ ಆತ್ರಿ. ಅಂಗಿ ಇಳಸ್ರಿ."

ನಿಜವಾದ ಪರೀಕ್ಷೆ ಬಂದದ್ದು ಮೂಡಲಗಿಯಲ್ಲಿ, ಅಕ್ಕನ ಮನೆಯಲ್ಲಿ. ನಾನು ಸಣ್ಣವನಿದ್ದಾಗಲೇ ಅವ್ವ ತೀರಿಹೋದ ಮೇಲೆ ನನ್ನನ್ನು ಉಣಿಸಿ ಬೆಳೆಸಿದವಳು ಅಕ್ಕ. ಹಬ್ಬದ ದಿನ ನಾನು ಎಷ್ಟು ಹೋಳಿಗೆ ತಿನ್ನುತ್ತೇನೆ ಎಂಬುದರ ಮೇಲೆ ಅವಳ ಹಬ್ಬ ನಿಂತಿರುತ್ತಿತ್ತು. ಈ ಸಲ ಒಂದು ಮುಗಿಯುವಷ್ಟರಲ್ಲಿ ಹೊಟ್ಟೆ ಬಾಗಿಲು ಹಾಕಿಕೊಂಡಿತು. ನಾನು ತಾಟಿನ ಮೇಲೆ ಕೈ ಅಡ್ಡ ಹಿಡಿದೆ.

"ಹೋಳಿಗಿ ಕೆಟ್ಟಾವೇನೋ ತಮ್ಮಾ?"

"ಇಲ್ಲ ಅಕ್ಕಾ, ಹೊಟ್ಟಿ ತುಂಬೇತಿ."

"ಒಂದರಾಗ? ನಿನಗ? ನನ್ನ ಮ್ಯಾಲ ಸಿಟ್ಟಿದ್ರ ಬಾಯಿಬಿಟ್ಟ ಹೇಳು." ಅವಳು ಸೆರಗು ಕಣ್ಣಿಗೆ ಒತ್ತಿಕೊಂಡಳು.

ಅದನ್ನು ನೋಡಲಾಗದೆ ಇನ್ನೆರಡು ಹಾಕಿಸಿಕೊಂಡು ತಿಂದೆ. ಹುಳಿ ತೇಗು ಬಂತು, ಬಿಕ್ಕಳಿಕೆ ಬಂತು, ಆಮೇಲೆ ಬಚ್ಚಲಿಗೆ ಓಡಿದೆ. ಅಕ್ಕ ಹಿಂದೆಯೇ ಬಂದು ಬೆನ್ನು ಸವರಿದಳು. ಅಷ್ಟರಲ್ಲಿ ಸುವರ್ಣಾ ಎಲ್ಲವನ್ನೂ ಬಿಡಿಸಿ ಹೇಳಿದಳು: ಸಕ್ಕರೆ, ಮಣಕಾಲು, ಕುರಿಹಟ್ಟಿ, ಇಂಜೆಕ್ಷನ್ನು. ಅಕ್ಕ ನನ್ನ ಕೈಗೆ ನೀರಿನ ತಂಬಿಗೆ ಕೊಟ್ಟಳು.

"ಹಸಿವ ಇಲ್ಲಂದ್ರೂ ನಮ್ಮ ಮನಿಗಿ ಬರ್ತೀಯಲ್ಲ?" ಎಂದು ಕೇಳಿದಳು.

"ಬರ್ತೇನಿ ಅಕ್ಕಾ. ಹೋಳಿಗಿ ಸಲುವಾಗಿ ಅಷ್ಟ ಬರ್ತಿದ್ನೇನ?"

"ಮತ್ತ ನಾ ಯಾಕ ಅಳಲಿ. ಇನ್ನ ಮ್ಯಾಲ ಒಂದ ತಿನ್ನು, ಪೂರಾ ತಿನ್ನು."

ಬಡಿಸುವ ಕೆಲಸವೇ ಇಲ್ಲದ್ದರಿಂದ ಅಕ್ಕ ತಾನೂ ತಾಟು ಹಾಕಿಕೊಂಡು ನನ್ನ ಮಗ್ಗುಲಲ್ಲಿ ಕೂತಳು. ನಾನು ನೀರು ಕುಡಿಯುತ್ತಾ ಅವಳು ಉಣ್ಣುವುದನ್ನು ನೋಡಿದೆ. ನನ್ನ ಅಕ್ಕನಿಗೆ ಹೋಳಿಗೆಯನ್ನು ತುಪ್ಪಕ್ಕಿಂತ ಹಾಲಿನಲ್ಲಿ ಅದ್ದಿ ತಿನ್ನುವುದು ಇಷ್ಟ ಎಂದು ನನಗೆ ಅವತ್ತು ಗೊತ್ತಾಯಿತು. ಇಷ್ಟು ವರ್ಷ ನನ್ನ ಕಣ್ಣು ನನ್ನ ತಾಟಿನಿಂದ ಮೇಲೆದ್ದಿರಲಿಲ್ಲ.

ತೂಕ ಇಳಿಯುತ್ತಾ ಬಂತು, ಸಕ್ಕರೆಯೂ ಹಾದಿಗೆ ಬಂತು. ಈಗ ಯಾವ ಹಟ್ಟಿಯಲ್ಲಿ ಕೂತರೂ ನಾನಾಗಿಯೇ ಏಳುತ್ತೇನೆ. ಆದರೆ ಹೊಸ ತೊಂದರೆಯೊಂದು ಹುಟ್ಟಿಕೊಂಡಿದೆ. ಮೊನ್ನೆ ಸಂಕೇಶ್ವರದಲ್ಲಿ ಒಂದು ಮದುವೆಗೆ ಹೋಗಿದ್ದೆವು. ಪಂಕ್ತಿಯಲ್ಲಿ ಪಕ್ಕಕ್ಕೆ ಕೂತಿದ್ದ ದಪ್ಪನೆಯ ಬೀಗರು ನಾನು ತೆಳ್ಳಗಾದದ್ದು ಹೇಗೆಂದು ಕೇಳಿ ತಿಳಿದು, "ಸಾಹೇಬ್ರ, ಹೆಂಗೂ ನಿಮ್ಮ ಕೈಯಾಗ ಸೂಜಿ ಇರ್ತೈತಿ, ನನಗೂ ಒಂದ ಹಾಕಿಬಿಡ್ರಿ" ಅಂದರು. ನಾನು ದನಕ್ಕೆ ಮಾತ್ರ ಹಾಕುವವನು, ನಿಮ್ಮ ಡಾಕ್ಟರು ನೋಡಿಯೇ ಬರೆದುಕೊಡಬೇಕು ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಕರುಳು, ಹಾರ್ಮೋನು, ಸ್ನಾಯು ಎಂದು ಶುರುಮಾಡಿದವನು, ಅವರ ಮುಂದಿನ ಗೋದಿ ಹುಗ್ಗಿ ತಣ್ಣಗಾಗಿ ಕೆನೆಗಟ್ಟುವವರೆಗೂ ಬಿಡಲಿಲ್ಲ. ಅವರು ಎದ್ದು, ಎಲೆ ಎತ್ತಿಕೊಂಡು, ಆಚೆ ಸಾಲಿಗೆ ಹೋಗಿ ಕೂತರು.

ವಾಪಸು ಬರುವಾಗ ಸುವರ್ಣಾ ಹೇಳಿದಳು: "ಮೊದಲ ಬಾಯಿ ತುಂಬ ಅನ್ನ ಇರ್ತಿತ್ತು, ಜನಾ ಬಚಾವ್ ಆಗ್ತಿದ್ರು. ಇನ್ನ ಮ್ಯಾಲ ಯಾರಿಗೂ ಈ ಕತಿ ಹೇಳಬ್ಯಾಡ್ರಿ."

ಒಪ್ಪಿಕೊಂಡೆ. ಆ ಮಾತನ್ನು ಎಷ್ಟರಮಟ್ಟಿಗೆ ಉಳಿಸಿಕೊಂಡೆ ಎಂಬುದು, ಇಲ್ಲಿಯವರೆಗೆ ಓದಿದ ನಿಮಗೇ ಗೊತ್ತು.