ಫಿನ್ನಿಷ್ ಭಾಷೆಯಲ್ಲಿ ನಮ್ಮವ್ವನ ಬಾಲ್ಯ

ಆ ಸಂಜೆ ಹಾನಗಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ ಮೂವರೇ ಇದ್ದೆವು. ನಮ್ಮವ್ವ ಶೇಂಗಾ ಸುಲಿಯುತ್ತಿದ್ದಳು. ಶಿಗ್ಗಾವಿಯಿಂದ ಬಂದಿದ್ದ ನನ್ನ ಅಕ್ಕನ ಮಗಳು ರತ್ನಾ ಫೋನು ಹಿಡಿದು ಏನೋ ಮಣಮಣ ಅನ್ನುತ್ತಿದ್ದಳು. ನಾನು, ಯಾರೂ ಕೇಳದಿದ್ದರೂ, ಮಾತಾಡುತ್ತಿದ್ದೆ. ಹಳೆಯ ಸಂಗತಿ ಹೇಳುವುದೆಂದರೆ ನನಗೆ ಪ್ರಾಣ. ಅಜ್ಜ, ದೊಡ್ಡಪ್ಪಂದಿರ ಬಾಯಿಂದ ಮಾತು ಕಲಿತವನು ನಾನು. ಅವರಾದರೂ ನಡುವೆ ಎಲೆಯಡಿಕೆ ಹಾಕಿಕೊಳ್ಳಲು ನಿಲ್ಲುತ್ತಿದ್ದರು, ನಾನು ಅದಕ್ಕೂ ನಿಲ್ಲುವುದಿಲ್ಲ.

ರತ್ನಾ ನರ್ಸಿಂಗ್ ಮುಗಿಸಿದವಳು. ಫಿನ್‌ಲೆಂಡಿನ ಒಂದು ವೃದ್ಧಾಶ್ರಮದಲ್ಲಿ ಕೆಲಸ ಸಿಗುವಂತಿತ್ತು. ಆದರೆ ಫೋನಿನ ಮುಂದೆ ಕುಳಿತು ಅಲ್ಲಿನವರ ಭಾಷೆಯಲ್ಲಿ ಪರೀಕ್ಷೆ ಕೊಡಬೇಕು, ಅದು ಹೋದರೆ ಕೆಲಸವೂ ಹೋಯಿತು. ಅದರಲ್ಲೂ ಹಿಂದೆ ನಡೆದದ್ದನ್ನು ಹೇಳಲು ಬರಲೇಬೇಕಂತೆ. ಅಲ್ಲಿಯ ಮುದುಕರು ಬೆಳಿಗ್ಗೆ ತಿಂದದ್ದನ್ನು ಮರೆತರೂ ಚಿಕ್ಕಂದಿನಲ್ಲಿ ತಿಂದದ್ದನ್ನು ಹೇಳುತ್ತಲೇ ಇರುತ್ತಾರಂತೆ. ಆ ದೇಶ ನನಗೆ ಒಗ್ಗೀತು ಅನ್ನಿಸಿತು. ‘ಎಯ್ಲೆನ್’ ಅಂದರೆ ನಿನ್ನೆ, ‘ಕಾವನ್ ಸಿತ್ತೆನ್’ ಅಂದರೆ ಬಹಳ ಹಿಂದೆ, ‘ಲಾಪ್ಸೆನಾ’ ಅಂದರೆ ಚಿಕ್ಕವರಿದ್ದಾಗ. ಶಬ್ದಗಳೆಲ್ಲ ಅವಳಿಗೆ ಬಾಯಿಪಾಠ. ತೊಂದರೆ ಬೇರೆಯೇ ಇತ್ತು.

“ಮಾಮಾ, ನನಗ ಹೇಳೂವಂಥಾದ್ದು ಏನೂ ಆಗೇ ಇಲ್ಲ. ಹುಟ್ಟಿದೆ, ಸಾಲಿಗೆ ಹೋದೆ, ಇಲ್ಲಿ ಕುಂತೇನಿ. ಮುಗೀತು.”

“ನಂದೊಂದು ತಗೋ” ಎಂದು ನಾನು ಉದಾರನಾದೆ. ತಿನ್ನಲು ಸವಣೂರಿನ ಖಾರಾ ತರಲು ಬಾಡಿಗೆ ಸೈಕಲ್ಲಿನಲ್ಲಿ ಹೊರಟವನಿಗೆ ಬಂಕಾಪುರದ ಹತ್ತಿರ ನವಿಲು ಅಡ್ಡ ಬಂದ ಪ್ರಸಂಗ. ನಾನು ಹೇಳತೊಡಗಿದರೆ ನಡುವೆ ಎರಡು ಸಲ ಚಹಾ ಆಗುತ್ತದೆ, ನವಿಲೂ ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ. ರತ್ನಾ ಅದನ್ನು ತನಗೆ ಬರುವಷ್ಟು ಫಿನ್ನಿಷ್ ಶಬ್ದಗಳಲ್ಲಿ ಹೇಳಿ, ನನಗಾಗಿ ಕನ್ನಡಕ್ಕೆ ತಿರುಗಿಸಿದಳು:

“ಭಾಳ ಹಿಂದ ಮಾಮಾ ಸೈಕಲ್ ಮ್ಯಾಲ ಹೋದ. ನವಿಲು ಬಂತು. ಬಿದ್ದ. ಅಳಲಿಲ್ಲ.”

“ಅಳಲಿಲ್ಲಂತ ಯಾರಂದ್ರು?” ಅವ್ವ ತಲೆಯೆತ್ತದೆ ಕೇಳಿದಳು. “ಮನಿಗೆ ಬಂದು ಅತ್ತಿದ್ದು ಓಣಿಗೆಲ್ಲ ಕೇಳಿತ್ತು.”

ರತ್ನಾ ನನ್ನನ್ನು ಬಿಟ್ಟು ಅಜ್ಜಿಯ ಕಡೆ ತಿರುಗಿದಳು. “ಆಯಿ, ಲಾಪ್ಸೆನಾ ನೀ ಏನ್ ಮಾಡ್ತಿದ್ದಿ? ಸಣ್ಣಾಕಿದ್ದಾಗ?”

ಉಂಡೆಯಾ, ಗುಳಿಗೆ ನುಂಗಿದೆಯಾ ಎಂದು ಅವ್ವನನ್ನು ದಿನಾ ಕೇಳುತ್ತೇವೆ. ಇದನ್ನು ಯಾರೂ ಕೇಳಿರಲಿಲ್ಲ. ಅವಳ ಕೈ ಶೇಂಗಾದ ಮೇಲೆ ನಿಂತಿತು.

“ನಮ್ಮ ತವರು ಮಾಸೂರಾಗ ಎಮ್ಮಿ ಮೈ ತೊಳ್ಯಾಕ ಕೆರಿಗೆ ಕಳಸ್ತಿದ್ರು. ಎಮ್ಮಿ ದಂಡ್ಯಾಗ ನಿಲ್ಲತಿತ್ತು, ನಾ ನಡು ಕೆರಿತನಕ ಈಸಿಕೋಂತ ಹೋಗತಿದ್ನಿ. ಕಿವಿ ನೀರಾಗ ಮುಳುಗಿದ್ರ ಊರಿನ ಗದ್ದಲ ಒಂದೂ ಕೇಳ್ತಿದ್ದಿಲ್ಲ. ನಮ್ಮವ್ವ ಒದರಿದ್ದೂ ಕೇಳ್ತಿದ್ದಿಲ್ಲ. ಕೇಳಿದ್ರೂ ಕೇಳಿಲ್ಲ ಅಂತಿದ್ನಿ.”

ನನ್ನ ತಲೆ ಬೆಳ್ಳಗಾದರೂ ನಮ್ಮವ್ವನಿಗೆ ಈಜು ಬರುತ್ತಿತ್ತೆಂದು ನನಗೆ ಗೊತ್ತಿರಲಿಲ್ಲ. “ಯವ್ವಾ, ಇಷ್ಟು ದಿನ ಯಾಕ ಹೇಳಲಿಲ್ಲ?” ಅಂದೆ.

“ನೀ ಬಾಯಿ ಮುಚ್ಚಿದಾಗ ಹೇಳೂಣಂತಿದ್ನಿ.”

ಆ ವಾರವೆಲ್ಲ ರತ್ನಾ ಕೇಳಿದಳು, ಅವ್ವ ಹೇಳಿದಳು, ಶೇಂಗಾ ನಾನು ಸುಲಿದೆ.

ಪರೀಕ್ಷೆಯ ದಿನ ಬಾಗಿಲ ಹಿಂದೆ ನಿಂತಿದ್ದೆ. ಫೋನಿನೊಳಗಿನ ಹೆಂಗಸು ಏನೋ ಕೇಳಿದಳು, ಮತ್ತೊಮ್ಮೆ ಅದನ್ನೇ ಕೇಳಿದಳು. ಈ ಹುಡುಗಿಯ ಕೆಲಸ ಹೋಯಿತು ಅಂದುಕೊಂಡೆ. ಆಮೇಲೆ ರತ್ನಾ ನಿಧಾನವಾಗಿ ಏನೋ ಹೇಳಿದಳು. ಕೇಳಿದ್ದು ಬಾಲ್ಯದ ಬಗ್ಗೆ ಅಲ್ಲವಂತೆ, ಕಳೆದ ವಾರ ಏನು ನಡೆಯಿತು ಎಂದಂತೆ. ಇವಳು ಕೊಟ್ಟ ಉತ್ತರವನ್ನು ಆಮೇಲೆ ನನಗೆ ಕನ್ನಡದಲ್ಲಿ ಹೇಳಿದಳು: “ಹಿಂದಿನ ವಾರ ನಮ್ಮ ಆಯಿ ಮಾತಾಡಿದ್ಲು. ಮಾಮಾ ಸುಮ್ಮನ ಕುಂತಿದ್ದ. ನಾ ಇಬ್ರನ್ನೂ ನೋಡಿಕೋಂತ ಕುಂತಿದ್ದೆ. ಛಲೋ ಇತ್ತು.”

ಪಾಸಾದಳು. ನಾನು ಸುಮ್ಮನೆ ಕುಳಿತದ್ದು ನಮ್ಮ ಮನೆಯಲ್ಲಿ ಎಂಥ ದೊಡ್ಡ ಘಟನೆಯೆಂದು ಆ ಹೆಂಗಸಿಗೆ ಹೇಗೆ ತಿಳಿಯಬೇಕು!

ಅವಳು ಹೊರಡುವ ದಿನ ಹಾನಗಲ್ ಬಸ್ ನಿಲ್ದಾಣಕ್ಕೆ ಮೂವರೂ ಹೋದೆವು. ಹೇಳಿ ಕಳಿಸಲು ನಾನೂ ನಾಲ್ಕು ಮಾತು ಕೂಡಿಟ್ಟುಕೊಂಡಿದ್ದೆ. ಅವ್ವ ಅವಳ ಕೈ ಹಿಡಿದು ಮಾತಾಡುತ್ತಲೇ ಇದ್ದಳು. ಶಿಗ್ಗಾವಿ ಬಸ್ಸು ಬಂತು. ನಾನು ಬ್ಯಾಗು ಎತ್ತಿ ಕೊಟ್ಟೆ.