ಎರಡು ಹೊಸ ಹಲ್ಲುಗಳ ದೀಪಾವಳಿ

ಮಗಳ ಬಾಯಲ್ಲಿ ಎರಡು ಹಲ್ಲು ಮೂಡಿದ್ದಕ್ಕೆ ಗಂಡಸೊಬ್ಬ ಇಷ್ಟು ಹಿಗ್ಗಬಹುದೇ ಎಂದು ಕೇಳುವವರು ಕೇಳಲಿ. ನಾನು ಹಿಗ್ಗಿದೆ! ಹಾಲುಹಲ್ಲು ಬಿದ್ದ ಜಾಗದಲ್ಲಿ ನಮ್ಮ ಶಾಂತಾಳಿಗೆ ಮೇಲ್ಸಾಲಿನ ಎರಡು ಹಲ್ಲು ಅಕ್ಕಿಕಾಳಿನಂತೆ ಇಣುಕಿದ ದಿನ ನಾನು ಆಫೀಸಿನ ಹೆಡ್‌ಕ್ಲಾರ್ಕರಿಗೂ ಸುದ್ದಿ ಹೇಳಿದೆ. ಅವರು "ಸಂತೋಷ" ಎಂದು ಫೈಲಿನ ಕಡೆಗೆ ತಿರುಗಿದರು. ಅವರ ಬಾಯಲ್ಲಿರುವುದೆಲ್ಲ ಕಟ್ಟಿಸಿದ ಹಲ್ಲು. ಹುಟ್ಟಿ ಬಂದ ಹಲ್ಲಿನ ಬೆಲೆ ಅವರಿಗೇನು ಗೊತ್ತು!

ನನಗೆ ಗೊತ್ತು. ನಮ್ಮ ಮನೆತನದಲ್ಲಿ ಬಿ.ಎ. ಮಾಡಿದವನು ನಾನೇ ಮೊದಲು. ಅಪ್ಪ ಹೆಬ್ಬೆಟ್ಟು ಒತ್ತಿದವರು. ಧಾರವಾಡದಲ್ಲಿ ಓದುವಾಗ ಹಸಿವಾದಾಗಲೆಲ್ಲ ಅವ್ವ ಕಟ್ಟಿಕೊಟ್ಟ ಬೆಲ್ಲದ ಗಂಟಿನಿಂದ ಒಂದು ಚೂರನ್ನು ದವಡೆಗೆ ಇಟ್ಟುಕೊಂಡು ಪುಟ ತಿರುವುತ್ತಿದ್ದೆ. ಬೆಲ್ಲ ನನಗೆ ಪದವಿ ಕೊಡಿಸಿತು. ಫೀಸೆಂದು ಮುಂದಿನ ಒಂದು ಹಲ್ಲನ್ನು ಕಪ್ಪು ಮಾಡಿ ಹೋಯಿತು. ಹೀಗಾಗಿ ಪದವೀದಾನದ ದಿನ ತೆಗೆಸಿದ ಫೋಟೋದಲ್ಲಿ ನಾನು ತುಟಿ ಬಿಗಿದು ನಿಂತಿದ್ದೇನೆ. ಮೈಮೇಲೆ ಕರಿ ಗೌನು, ಕೈಯಲ್ಲಿ ಸುರುಳಿ, ಮುಖದ ಮೇಲೆ ಆಗಷ್ಟೇ ಸಾವಿನ ಸುದ್ದಿಯ ತಂತಿ ಬಂದವನ ಗಾಂಭೀರ್ಯ. ಜೀವನದ ಅತಿ ದೊಡ್ಡ ಸಂತೋಷದ ದಿನ ನಕ್ಕಿಲ್ಲ! ಇಂದಿಗೂ ನಗು ಬಂದರೆ ಕೈ ತಾನಾಗಿ ಬಾಯಿಗೆ ಹೋಗುತ್ತದೆ. ಶಾಂತಾ ಮುಂದೆ ಬಿ.ಎ. ಆಗುತ್ತಾಳೆ, ಅವಳ ಫೋಟೋದಲ್ಲಿ ಮಾತ್ರ ಹಲ್ಲುಗಳು ಸಾಲಾಗಿ ಕಾಣಬೇಕು ಎಂಬುದು ನನ್ನ ಹಟ.

ಅಷ್ಟರಲ್ಲಿ ದೀಪಾವಳಿ ಬಂತು. ನಾವಿದ್ದದ್ದು ಮುಂಬಯಿಯಲ್ಲಿ, ಒಂದೊಂದು ಖೋಲಿಗೆ ಒಂದೊಂದು ಸಂಸಾರವಿರುವ ಚಾಳಿನಲ್ಲಿ; ದೀಪಾವಳಿಯಲ್ಲಿ ಚಾಳು ಎಂದರೇನೆಂದು ಇದ್ದವರಿಗೇ ಗೊತ್ತು. ಬೆಳಗಾಗುವುದೇ ತಡ, ಎಲ್ಲ ಬಾಗಿಲುಗಳಿಂದ ತುಪ್ಪ ಎಣ್ಣೆಗಳ ಘಮಘಮ. ಮಕ್ಕಳ ಜೇಬಿನಲ್ಲಿ ಶಂಕರಪಾಳಿ, ಕೈಯಲ್ಲಿ ಕರಂಜಿ, ಹೊತ್ತು ಮುಳುಗುವ ತನಕ ದವಡೆಗೆ ಪುರಸೊತ್ತಿಲ್ಲ. ನಾನು ಗಾಬರಿಯಾಗಿ ಶಾಂತಾಳನ್ನು ಅಂಧೇರಿಯ ಒಬ್ಬ ಹಲ್ಲಿನ ಡಾಕ್ಟರಲ್ಲಿಗೆ ಕರೆದೊಯ್ದೆ. ಅವರು ಹೇಳಿದ್ದು ಇಷ್ಟೇ: "ದಿನವಿಡೀ ಮೆಲ್ಲುವುದು ಬೇಡ. ಸಿಹಿಯನ್ನು ಊಟದ ಜೊತೆಗೆ ತಿನ್ನಲಿ, ಬಾಯಿ ಮುಕ್ಕಳಿಸಲಿ, ಮಲಗುವ ಮುಂಚೆ ಹಲ್ಲುಜ್ಜಲಿ." ಎರಡು ಸಾಲಿನ ಉತ್ತರವನ್ನು ಎರಡು ಪುಟಕ್ಕೆ ಬೆಳೆಸುವ ಪರೀಕ್ಷೆಯ ಚಟ ನನ್ನನ್ನಿನ್ನೂ ಬಿಟ್ಟಿಲ್ಲ. ಲೋಕಲ್ ರೈಲು ನಮ್ಮ ಮಲಾಡ್ ಸ್ಟೇಷನ್ ಮುಟ್ಟುವುದರೊಳಗೆ ಆ ಮಾತು ನನ್ನ ತಲೆಯಲ್ಲಿ ಬೆಳೆದು "ಈ ವರ್ಷ ನಮ್ಮ ಮನೆಯಲ್ಲಿ ಸಿಹಿಯೇ ಇಲ್ಲ" ಎಂಬ ಶಾಸನವಾಗಿತ್ತು.

"ಹಬ್ಬದಾಗ ಒಲಿ ಮ್ಯಾಲೆ ಕಡಾಯಿ ಇಡಬ್ಯಾಡ ಅಂತೀರೇನು?" ಎಂದಳು ನನ್ನ ಹೆಂಡತಿ ಸುಶೀಲಾ. "ನಾವು ಈ ಚಾಳಿಗೆ ಬಂದು ಇನ್ನೂ ತಿಂಗಳಾಗಿಲ್ಲ. ಮಂದಿ ಏನಂದಾರು?"

"ಮಂದಿ ಬಂದು ಕೂಸಿಗೆ ಹಲ್ಲು ಕೊಡ್ತಾರೇನು?" ಎಂದು ನಾನು ಗುಡುಗಿದೆ. ಶಾಂತಾ ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತಳು.

ಲಕ್ಷ್ಮೀಪೂಜೆಯ ದಿನ ಬಂತು. ಪೂಜೆಗಿಡಲು ಬೆಳ್ಳಿ ಬಂಗಾರ ನಮ್ಮಲ್ಲೆಲ್ಲಿ? ನನ್ನ ಸಂಪತ್ತೆಲ್ಲ ಗೋಡೆಯ ಮೇಲಿತ್ತು: ಕಟ್ಟು ಹಾಕಿಸಿದ ಪದವಿ ಪತ್ರ, ಪಕ್ಕದಲ್ಲಿ ಆ ಫೋಟೋ. ಉತ್ಸಾಹ ಉಕ್ಕಿ ಎರಡಕ್ಕೂ ಸೇರಿಸಿ ದಪ್ಪನೆಯ ಚೆಂಡುಹೂವಿನ ಮಾಲೆ ಹಾಕಿದೆ.

"ಜೀವಂತ ಇದ್ದವರ ಫೋಟೋಕ್ಕ ಮಾಲಿ ಹಾಕ್ತಾರೇನ್ರೀ!" ಸುಶೀಲಾ ಕಿರುಚಿದಳು.

"ಮಾಲೆ ನನಗಲ್ಲ, ವಿದ್ಯೆಗೆ. ಇದೆಲ್ಲ ಮೂಢನಂಬಿಕೆ," ಎಂದು ತಿಳಿಹೇಳಿ, ಗಾಳಿ ಬರಲೆಂದು ಬಾಗಿಲನ್ನು ಅಗಲವಾಗಿ ತೆರೆದಿಟ್ಟೆ.

ಮಧ್ಯಾಹ್ನ ಕೆಳಗಿನ ಹೋಟೆಲಿನ ಶೆಟ್ಟರು ಬಂದರು. ಉಡುಪಿ ಕಡೆಯವರು, ಬಾಯಿ ತುಂಬ ಮಾತಾಡುವವರು. ಅಂದು ಮಾತ್ರ ಚಪ್ಪಲಿಯನ್ನೂ ಸದ್ದಾಗದಂತೆ ಬಿಟ್ಟು ನನ್ನ ಕೈ ಹಿಡಿದುಕೊಂಡರು. "ಎಂತ ಮಾಡುದು ಮಾರಾಯ್ರೆ, ನಮ್ಮ ಕೈಯಲ್ಲಿ ಉಂಟಾ? ಮಗುವಿನ ಮುಖ ನೋಡಿ ನೀವು ಗಟ್ಟಿ ಆಗ್ಬೇಕು."

"ಮಗಳ ಮುಖ ನೋಡಿಯೇ ಗಟ್ಟಿಯಾಗಿದ್ದೇನೆ ಶೆಟ್ಟರೆ!" ಎಂದೆ ನಾನು. ಹಲ್ಲಿನ ವಿಷಯದಲ್ಲಿ ಲೋಕಕ್ಕೆ ಇಷ್ಟು ಕಳಕಳಿಯಿದೆಯಲ್ಲ ಎಂದು ನಾನೂ ಅವರ ಕೈ ಅದುಮಿದೆ. ಅವರು ಕಣ್ಣೊರೆಸಿಕೊಂಡು ಹೋದರು. ಹೋಗುವಾಗ ಒಂದು ಡಬ್ಬ ಮೈಸೂರುಪಾಕು ಇಟ್ಟು ಹೋದರು! ಇದೆಂಥ ಕಳಕಳಿ ಎಂದು ಯೋಚಿಸುವುದರೊಳಗೆ ಎದುರು ಖೋಲಿಯಿಂದ ಕರಂಜಿ, ಮಹಡಿಯಿಂದ ಅನಾರಸ, ಕೊನೆಯ ಖೋಲಿಯಿಂದ ಶಂಕರಪಾಳಿ ಬಂದವು. ತಂದವರೆಲ್ಲರೂ ತಲೆ ತಗ್ಗಿಸಿಕೊಂಡು ಬಂದು, ತಟ್ಟೆ ಇಟ್ಟು, ನಿಟ್ಟುಸಿರು ಬಿಟ್ಟು ಹೋಗುತ್ತಿದ್ದರು. ಯಾವ ದೀಪಾವಳಿಯಲ್ಲೂ ನಮ್ಮ ಮನೆ ಇಷ್ಟು ಸಿಹಿ ಕಂಡಿರಲಿಲ್ಲ. ಶಾಂತಾ ಮೂಲೆ ಬಿಟ್ಟು ತಟ್ಟೆಗಳ ಕಡೆಗೆ ಸರಿಯುತ್ತಿದ್ದಳು. ನಾನು ಅವಳಿಗೂ ತಟ್ಟೆಗಳಿಗೂ ನಡುವೆ ತೋಳು ಚಾಚಿ ನಿಂತಿದ್ದೆ.

ಕೊನೆಗೆ ಪಕ್ಕದ ಖೋಲಿಯ ಗೋದಾವರಿ ಕಾಕು ಬೇಸನ್ ಉಂಡಿಯ ತಟ್ಟೆ ಹಿಡಿದು ಬಂದರು. ಬೆಳಗಾವಿಯ ಹಿರಿಯ ಜೀವ, ಚಾಳಿಗೆಲ್ಲ ಚಿಕ್ಕಮ್ಮ. ನೆಲದ ಮೇಲೆ ಕೂತು ಫೋಟೋವನ್ನೇ ದಿಟ್ಟಿಸಿ, "ಎಷ್ಟು ಶ್ಯಾಣ್ಯಾ ಹುಡುಗ! ಇಂಥಾ ವಯಸ್ಸಿನ್ಯಾಗ ಹೋಗಬಾರದಿತ್ತು," ಎಂದರು.

"ಎಲ್ಲಿಗೆ?"

"ನಿಮ್ಮ ತಮ್ಮ ಅಲ್ಲೇನ್ರಿ? ಮುಂಜಾನಿಂದ ನಿಮ್ಮ ಮನ್ಯಾಗ ಕರದ ವಾಸನಿ ಇಲ್ಲ, ಮಾಲಿ ಬ್ಯಾರೆ ಹಾಕೀರಿ. ಸೂತಕದ ಮನ್ಯಾಗ ಎಣ್ಣ್ಯಾಗ ಕರಿಯೂ ಹಂಗಿಲ್ಲ, ಆದ್ರ ಕೂಸಿನ ಬಾಯಿ ಒಣಗಬಾರದು ನೋಡ್ರಿ. ಅದಕ್ಕ ನಾನೇ ಎಲ್ಲಾರಿಗೂ ಹೇಳಿ ಕಳಿಸಿದೆ."

"ಕಾಕು, ಅದು ನಾನು!"

ಕಾಕು ಫೋಟೋದ ತೆಳ್ಳಗಿನ ಹುಡುಗನನ್ನು ನೋಡಿದರು. ನನ್ನ ಬೋಳುತಲೆ ನೋಡಿದರು. ಹೊಟ್ಟೆಯ ಬಳಿ ಅವರ ಕಣ್ಣು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಒಳಗೆ ತಿರುಗಿ, "ಸುಶೀಲಾ, ಭಾಳ ಮನಸ್ಸಿಗೆ ಹಚ್ಚಿಕೊಂಡಾರ. ಒಂದೀಟು ನೀರು ಕೊಡವಾ," ಎಂದರು. ಸುಶೀಲಾ ಬಾಯಲ್ಲಿ ಸೆರಗು ತುರುಕಿಕೊಂಡು ಅಲುಗುತ್ತಿದ್ದಳು. ಕಾಕು ಅದನ್ನು ಅಳು ಎಂದುಕೊಂಡು ತಾವೂ ಮೂಗೊರೆಸಿಕೊಂಡರು.

ಪದವಿ ಪತ್ರದ ಮೇಲಿನ ನನ್ನ ಹೆಸರಿಗೆ ಬೆರಳಿಟ್ಟು ತೋರಿಸಿದೆ. "ಇಂಗ್ಲಿಷಿನ್ಯಾಗ ಏನ್ ಬರದಾರೋ, ನನಗೇನು ತಿಳೀತದ? ಅವನ ಮಾರಿ ಮ್ಯಾಲಿನ ಕಳಾ ನೋಡ್ರಿ, ನಿಮ್ಮ ಮಾರಿ ನೋಡ್ರಿ," ಎಂದರು ಕಾಕು. ಸತ್ತ ನನ್ನ ಮೇಲೆ ಅವರಿಗಿದ್ದ ಗೌರವ ಬದುಕಿದ್ದ ನನ್ನ ಮೇಲೆ ಇರಲಿಲ್ಲ. ಅದನ್ನು ನೆನೆದು ನನಗೆ ತಡೆಯಲಾರದ ನಗು ಬಂತು. ಅಷ್ಟರಲ್ಲಿ ಶಾಂತಾ ಮತ್ತೆ ತಟ್ಟೆಗಳತ್ತ ನುಗ್ಗಿದ್ದರಿಂದ ಎರಡೂ ತೋಳು ಅವಳನ್ನು ತಡೆಯುವುದರಲ್ಲಿ ತೊಡಗಿದ್ದವು. ಬಾಯಿಗೆ ಅಡ್ಡ ಹಿಡಿಯಲು ಕೈಯೇ ಉಳಿದಿರಲಿಲ್ಲ.

"ಕಾಕು, ಅಲ್ಲಿ ನೋಡ್ರಿ!" ಶಾಂತಾ ನನ್ನ ಬಾಯಿಯತ್ತ ಬೆರಳು ಮಾಡಿದಳು. "ಆ ಕರೀ ಹಲ್ಲು ಕಾಣಬಾರದಂತನ ಅಪ್ಪಾ ಫೋಟೋದಾಗ ಬಾಯಿ ಮುಚ್ಯಾನ!"

ಕಾಕು ಎದ್ದು ಬಂದು ನನ್ನ ಬಾಯೊಳಗೆ ಇಣುಕಿದರು. ಮತ್ತೆ ಫೋಟೋದ ಬಿಗಿದ ತುಟಿಯನ್ನು ನೋಡಿದರು. "ಅಯ್ಯ ನಿಮ್ಮ! ಯಾರೂ ಸತ್ತಿಲ್ಲ ಅಂದ್ರ ಕೂಸಿನ ಬಾಯಿ ಯಾಕ ಕಟ್ಟೀರಿ?" ಎಂದು ಗದರಿದರು. ಹಲ್ಲಿನ ವಿಷಯ ವಿವರಿಸತೊಡಗಿದೆ. ಅಷ್ಟರಲ್ಲಿ ಸುಶೀಲಾ ಹೊರಬಂದು, "ಡಾಕ್ಟರು ಊಟದ ಜೋಡಿ ತಿನ್ನು ಅಂದಾರಂತ, ಶಾಂತಾ ಹೇಳ್ಯಾಳ. ನಿಮಗ ಅಷ್ಟ ಮರೆತದ," ಎಂದಳು. ಆ ರಾತ್ರಿ ಶಾಂತಾ ಊಟದ ಜೊತೆ ಒಂದು ಉಂಡಿ ತಿಂದು, ಬಚ್ಚಲಲ್ಲಿ ಗಳಗಳ ಮುಕ್ಕಳಿಸಿ, ಹಲ್ಲುಜ್ಜಿ, ಎರಡು ಬಿಳಿ ಹಲ್ಲು ತೋರಿಸಿ ನಕ್ಕಳು. ಉಳಿದ ಸಿಹಿಯನ್ನೆಲ್ಲ ಸುಶೀಲಾ ಅಟ್ಟದ ಮೇಲೆ ಇಟ್ಟಳು.

ನಾನು ಸ್ಟೂಲು ಹತ್ತಿ ಮಾಲೆ ತೆಗೆದೆ. ಬಿ.ಎ. ಪತ್ರ ಮೊಹರು ಸಮೇತ ಗೋಡೆಯ ಮೇಲೆ ತೂಗುತ್ತಲೇ ಇತ್ತು. ಆದರೂ ನಾನು ನಾನೇ ಎಂದು ಚಾಳಿನವರಿಗೆ ಸಾಧಿಸಿ ತೋರಿಸಲು ಬೇಕಾದದ್ದು ಹುಳುಕು ಹಲ್ಲು.